ಹೊರಕುದುರೆಯ ಜೋಡುನಳಿಗೆ ಕೋವಿ: ಹಳೆಯ ಕಂದು ಬಣ್ಣ ಉಳಿಸಿ ತುಕ್ಕು ಮಾತ್ರ ತೆಗೆಯುವುದು ಹೇಗೆ?

ಐನ್‌ಮನೆ_ಕೋವಿ ಕೇಳಿದ್ದು:

ಕೊಡಗಿನ ನಮ್ಮ ಐನ್‌ಮನೆಯಲ್ಲಿರುವ (ಕುಟುಂಬದ ಮೂಲಮನೆ) 12 ಬೋರಿನ ಜೋಡುನಳಿಗೆ ತೋಟೆ ಕೋವಿ. ಕುದುರೆಗಳು (ಈಡು ಸಿಡಿಸಲು ಬಡಿಯುವ ಸುತ್ತಿಗೆಗಳು) ಹೊರಗಿವೆ, ಕೋವಿ ತೆರೆಯುವ ಲಿವರ್ ಟ್ರಿಗರ್ ಗಾರ್ಡಿನ ಮೇಲೆ ಮಡಚಿಕೊಳ್ಳುತ್ತದೆ. ನಳಿಗೆಗಳ ಮೇಲೆ ಸುರುಳಿ ಸುರುಳಿ ನಮೂನೆ, ಕಂದು ಬಣ್ಣ ಮುಕ್ಕಾಲು ಪಾಲು ಉಳಿದಿದೆ. ನಡುವಿನ ಪಟ್ಟಿಯಲ್ಲಿ 'ಓಕ್ಸ್ ಅಂಡ್ ಕಂಪನಿ, ಮದ್ರಾಸ್' ಎಂದಿದೆ. ನಳಿಗೆ ಬಿಚ್ಚಿದರೆ ಅಡಿಯಲ್ಲಿ ಕಿರೀಟದ ಕೆಳಗೆ ಅಡ್ಡ ಹಾಕಿದ ಎರಡು ರಾಜದಂಡಗಳ ಮುದ್ರೆ, '12ಬಿ', '14ಎಂ', ಜೊತೆಗೆ 'ನಾಟ್ ಫಾರ್ ಬಾಲ್'. ಲೈಸೆನ್ಸಿನ ವಿನಾಯಿತಿ ಪತ್ರದಲ್ಲಿ ನಮೂದಾಗಿರುವ ಕೋವಿ.

ಮಳೆಗಾಲದಲ್ಲಿ ನಳಿಗೆಯ ಬುಡದ ಹತ್ತಿರ ಕೆಂಪು ತುಕ್ಕಿನ ಚುಕ್ಕೆ ಎದ್ದಿದೆ. ಮರದ ಹಿಡಿ ಲಾಕಿನ (ಕುದುರೆ ಬೀಳಿಸುವ ಯಂತ್ರದ) ಹಿಂದೆ ಕಪ್ಪಾಗಿದೆ. ಕೋವಿ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು ಬಫ್ ಹೊಡೆಸಿ (ಯಂತ್ರದ ಚಕ್ರದಲ್ಲಿ ಉಜ್ಜಿಸಿ) ಹೊಸ ಕಪ್ಪು ಬಣ್ಣ ಹಾಕಿಸೋಣ ಎನ್ನುವವರು ಮನೆಯಲ್ಲಿದ್ದಾರೆ. ಮಾಡಿಸಬಹುದೇ? ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡಲು ಈ ಕೋವಿ ಬಳಸಬಹುದೇ? ಇದರ ಪಕ್ಕದಲ್ಲೇ ಒಂದು ಒಂಟಿನಳಿಗೆ ಕೇಪಿನ ಕೋವಿಯೂ ತೂಗುತ್ತಿದೆ, ಅದನ್ನೂ ಒರೆಸಬೇಕು.

ಗಜ_ಮತ್ತು_ಗುರುತು:

ಬೇರೆಲ್ಲಕ್ಕಿಂತ ಮೊದಲು ಆ ಕೇಪಿನ ಕೋವಿ. ಗೋಡೆಯಲ್ಲಿ ವರ್ಷಾನುಗಟ್ಟಲೆ ತೂಗುವ, ಬಾಯಿಯಿಂದ ಮದ್ದು ತುಂಬುವ ಇಂಥ ಕೋವಿಗಳಲ್ಲಿ ಈಡು (ಮದ್ದುಗುಂಡು) ತುಂಬಿದ್ದು ಹಾಗೇ ಉಳಿದಿರುವುದು ಅಪರೂಪವಲ್ಲ. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಸತ್ವ ಕಳೆದುಕೊಳ್ಳುವುದಿಲ್ಲ.

ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ನಿಪ್ಪಲ್ (ಕಿಡಿ ಹಾರಿಸುವ ಕೇಪು ಕೂರುವ ಮೊಳೆ) ಮೇಲೆ ಕೇಪು ಇಲ್ಲವೆಂದು ನೋಡಿಕೊಳ್ಳಿ. ಕೋವಿಯ ಬಾಯಿಗೆ ಮುಖ ಒಡ್ಡದೆ ಪಕ್ಕದಲ್ಲಿ ನಿಂತು ಮರದ ಗಜವನ್ನು (ನಳಿಗೆಗೆ ತೂರಿಸುವ ಉದ್ದ ಕೋಲು) ಮೆಲ್ಲಗೆ ಒಳಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ. ಹೊರತೆಗೆದು ಅದೇ ಗುರುತನ್ನು ಬಾಯಿಗೆ ಹೊಂದಿಸಿ ನಳಿಗೆಯ ಹೊರಮೈಗೆ ಇಟ್ಟು ನೋಡಿ. ಗಜದ ತುದಿ ನಿಪ್ಪಲ್ಲಿನ ನೇರಕ್ಕೆ ಬಂದರೆ ನಳಿಗೆ ಖಾಲಿ. ಒಂದು ಇಂಚೋ ಎರಡು ಇಂಚೋ ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಜೇಡರಬಲೆಯೋ ಕಣಜದ ಗೂಡೋ ಇರಬಹುದು, ಆದರೆ ಮದ್ದು ಎಂದೇ ಭಾವಿಸಿ. ಕುಟ್ಟುವುದು, ಬಿಸಿ ಮಾಡುವುದು, ಡ್ರಿಲ್ ಹಾಕುವುದು, ಕೇಪು ಇಟ್ಟು ಹಾರಿಸಿಬಿಡುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರು ತಿರುಪಿನ ತುದಿಯ ಗಜದಿಂದ ಈಡನ್ನು ಎಳೆದು ತೆಗೆಯುತ್ತಾರೆ.

ಕಿರೀಟಮುದ್ರೆ:

ನಿಮ್ಮ ಜೋಡುನಳಿಗೆ ತನ್ನ ವಯಸ್ಸನ್ನು ತಾನೇ ಹೇಳುತ್ತಿದೆ. ಅಡ್ಡ ರಾಜದಂಡಗಳ ಸಂದಿಯಲ್ಲಿ ಬಿ, ಸಿ, ಪಿ ಅಕ್ಷರಗಳಿದ್ದರೆ ಅದು ನಳಿಗೆಗಳ ಗಟ್ಟಿತನ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ, 1813ರಿಂದ 1904ರವರೆಗೆ ಬಳಸಿದ್ದು. ಪಕ್ಕದಲ್ಲಿ 'ವಿ' ಇರುವ ಇನ್ನೊಂದೂ ಇರಬೇಕು, ಹುಡುಕಿ. 'ನಾಟ್ ಫಾರ್ ಬಾಲ್' ಹೊಡೆದದ್ದು 1875ರಿಂದ 1887ರ ನಡುವೆ ಮಾತ್ರ. ಬಾಯಿಯ ಕಡೆ ಚೋಕ್ ಇದೆ, ಅಂದರೆ ನಳಿಗೆ ಕಿರಿದಾಗಿದೆ, ಒಂಟಿಗುಂಡು ಹಾಕಬೇಡಿ ಎಂಬುದು ಅದರ ಅರ್ಥ. 12ಬಿ ಎಂದರೆ ಒಳವ್ಯಾಸ 0.729 ಇಂಚು, 14ಎಂ ಎಂದರೆ ಬಾಯಲ್ಲಿ 0.693. ವ್ಯತ್ಯಾಸ 36 ಥೌ (ಇಂಚಿನ ಸಾವಿರದಲ್ಲಿ 36 ಪಾಲು), ಪೂರ್ತಿ ಚೋಕ್. ಟ್ರಿಗರ್ ಗಾರ್ಡಿನ ಮೇಲೆ ಮಡಚುವ ಲಿವರ್ ಹೆನ್ರಿ ಜೋನ್ಸ್‌ನ 1859ರ ಪೇಟೆಂಟಿನ ವಂಶದ್ದು. ನಿಧಾನ, ಆದರೆ ಬಹಳ ಗಟ್ಟಿ. ಅದನ್ನು ಒಂದು ಸಲ ತಿರುಗಿಸಿ ಮುಚ್ಚಿದವರಿಗೆ ಇಂಥ ಕೋವಿಗಳ ಮೇಲೆ ಯಾಕೆ ಇಷ್ಟು ಪ್ರೀತಿ ಎಂದು ಬೇರೆ ಹೇಳಬೇಕಾಗಿಲ್ಲ.

ಪಟ್ಟಿಯ ಮೇಲಿನ ಹೆಸರು ಮಾರಿದ ಅಂಗಡಿಯದು. ಮದ್ರಾಸಿನ ಓಕ್ಸ್, ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ರೋಡಾ ಮುಂತಾದವರು ಬರ್ಮಿಂಗ್‌ಹ್ಯಾಮಿನಿಂದ ತರಿಸಿ ತಮ್ಮ ಹೆಸರು ಕೊರೆಸಿ ಮಾರುತ್ತಿದ್ದರು. ನಳಿಗೆಯ ಅಡಿಯಲ್ಲಿ ಸಣ್ಣ ಅಕ್ಷರದ ಇನಿಶಿಯಲ್ ಸಿಕ್ಕರೆ ಅದು ನಳಿಗೆ ಬಡಿದವನ ಗುರುತು ಆಗಿರಬಹುದು. ಬಫ್ ಚಕ್ರಕ್ಕೆ ಮೊದಲು ಬಲಿಯಾಗುವುದೇ ಇಂಥ ಗುರುತು.

ಹಾರಿಸುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಹೊಗೆರಹಿತ ಮದ್ದಿನ 'ನೈಟ್ರೋ ಪ್ರೂಫ್' ಬಂದದ್ದು 1896ರಲ್ಲಿ. ಅದಕ್ಕೂ ಮೊದಲಿನ ನಿಮ್ಮ ನಳಿಗೆ ಪರೀಕ್ಷೆ ಕಂಡಿರುವುದು ಕರಿಮದ್ದಿನಲ್ಲಿ ಮಾತ್ರ. ಎರಡನೆಯದು ಚೇಂಬರಿನ, ಅಂದರೆ ತೋಟೆ ಕೂರುವ ಜಾಗದ, ಉದ್ದ. ಆ ಕಾಲದ 12 ಬೋರಿನ ಚೇಂಬರು ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿ.ಮೀ.ಗೆ ಸ್ವಲ್ಪ ಕಡಿಮೆ. 70 ಮಿ.ಮೀ. ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ 70 ಎನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾರುವಾಗ ಬಿಚ್ಚಿದ ಅಂಚು ಚೇಂಬರು ಕಿರಿದಾಗುವ ಜಾಗಕ್ಕೆ ಚಾಚಿ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. 'ತೋಟೆ ಹಿಡಿಸಿತು, ಆದ್ದರಿಂದ ಸರಿ' ಎಂಬ ಲೆಕ್ಕ ತಪ್ಪುವುದು ಇಲ್ಲೇ. ಇದರ ಜೊತೆಗೆ ಒಳಗಿನ ಗುಳಿಗಳಿಂದ ನಳಿಗೆ ಎಷ್ಟು ತೆಳುವಾಗಿದೆ ಎಂಬುದು ಗೇಜು ಹಾಕದೆ ತಿಳಿಯುವುದಿಲ್ಲ. 20 ಥೌ, ಅಂದರೆ ಅರ್ಧ ಮಿಲಿಮೀಟರು, ಎಂಬುದು ರೂಢಿಯಲ್ಲಿರುವ ಕೆಳಮಿತಿ. ತೆಂಗಿನಕಾಯಿಗೆ ಬೇರೆ ಕೋವಿ ಇರಲಿ.

ತಾಮ್ರದ_ಬಿಲ್ಲೆ:

ಬಫ್ ಖಂಡಿತ ಬೇಡ. ಆ ಸುರುಳಿ ನಮೂನೆ ಮೇಲೆ ಬರೆದದ್ದಲ್ಲ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ಹೊಸೆದು, ಪಟ್ಟಿ ಮಾಡಿ, ಕಂಬಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ಡಮಾಸ್ಕಸ್ ನಳಿಗೆ ಅದು. ನಿಧಾನವಾಗಿ ತುಕ್ಕು ಬರಿಸಿ ತಿಕ್ಕಿ, ಮತ್ತೆ ಬರಿಸಿ ತಿಕ್ಕಿ, ಎರಡು ಲೋಹಗಳ ಬಣ್ಣದ ಅಂತರವನ್ನು ಎತ್ತಿ ತೋರಿಸಿರುತ್ತಾರೆ. ಆ ಕಂದು ಪದರ ಬಹಳ ತೆಳು.

ಈಗಿನ ಬಿಸಿ ಕ್ಷಾರದ ಕಪ್ಪು ಬಣ್ಣ ಇನ್ನೂ ಕೆಟ್ಟದ್ದು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ತವರದ ಬೆಸುಗೆ. ಕಾಸ್ಟಿಕ್ ಸೋಡದ ಕುದಿಯುವ ದ್ರಾವಣ ಆ ಬೆಸುಗೆಯನ್ನು ತಿನ್ನುತ್ತದೆ. ಪಟ್ಟಿಯ ಅಡಿಗೆ ಇಳಿದ ಉಪ್ಪು ಹೊರಬರದೆ ಒಳಗಿನಿಂದಲೇ ಕೊರೆಯುತ್ತದೆ.

ತುಕ್ಕಿಗೆ ಹೀಗೆ ಮಾಡಿ. ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಚುಕ್ಕೆಯ ಮೇಲೆ ಒತ್ತಿ ಎತ್ತಿ. ಬಟ್ಟೆಗೆ ಕಿತ್ತಳೆ ಬಣ್ಣ ಅಂಟಿದರೆ ತುಕ್ಕು ಇನ್ನೂ ಬೆಳೆಯುತ್ತಿದೆ. ಗಟ್ಟಿ ಕಡುಗಂದಾಗಿದ್ದು ಏನೂ ಅಂಟದಿದ್ದರೆ ಅದನ್ನು ಮುಟ್ಟಬೇಡಿ. ಬೆಳೆಯುತ್ತಿರುವ ಜಾಗಕ್ಕೆ ಮಾತ್ರ ಎಣ್ಣೆ ಸವರಿ ಒಂದು ದಿನ ಬಿಡಿ. ಆಮೇಲೆ ಅಂಚು ನುಣುಪಾದ ಹಳೆಯ ತಾಮ್ರದ ಬಿಲ್ಲೆಯಿಂದ, ಎಣ್ಣೆ ಇರುವಾಗಲೇ, ಓರೆಯಾಗಿ ಹಿಡಿದು ಕೆರೆಯಿರಿ. ತಾಮ್ರ ಕಬ್ಬಿಣಕ್ಕಿಂತ ಮೆತ್ತಗೆ, ತುಕ್ಕಿನ ಹೊಪ್ಪಳೆಯನ್ನು ಎಬ್ಬಿಸುತ್ತದೆ, ಲೋಹವನ್ನು ಗೀರುವುದಿಲ್ಲ. ಒರೆಸಿ, ಮತ್ತೆ ಎಣ್ಣೆ, ಮರುದಿನ ಮತ್ತೊಮ್ಮೆ. ನಾಲ್ಕು ಸೊನ್ನೆಯ ಸ್ಟೀಲ್ ವುಲ್ ಎಲ್ಲರೂ ಹೇಳುವ ಮದ್ದು, ಆದರೆ ಡಮಾಸ್ಕಸ್ಸಿನ ಕಂದನ್ನು ಅದೂ ತೆಗೆದುಬಿಡುತ್ತದೆ. ಹುಣಸೆಹುಳಿ, ನಿಂಬೆ, ಬ್ರಾಸೋ, ಟೂತ್‌ಪೇಸ್ಟ್, ಉಪ್ಪುಕಾಗದ ಯಾವುದನ್ನೂ ಹತ್ತಿರ ತರಬೇಡಿ. ಹುಳಿಯಲ್ಲಿರುವ ಆಮ್ಲಕ್ಕೆ ಹಿತ್ತಾಳೆಯ ಕಿಲುಬೂ ಒಂದೇ, ಈ ಕಂದೂ ಒಂದೇ.

ಕೊನೆಗೆ ಎಣ್ಣೆ ಪೂರ್ತಿ ಒರೆಸಿ ರೆನೆಸಾನ್ಸ್ ಮೇಣದಂಥ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಎರಡೂ ನಳಿಗೆಗೆ ತೆಳ್ಳಗೆ ಹರಡಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಿಂದ ಉಜ್ಜಿ. ಕೊಬ್ಬರಿ ಎಣ್ಣೆ ಬೇಡ. ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಹಳಸಿದರೆ ಅದರಲ್ಲಿ ಆಮ್ಲ ಹೆಚ್ಚುತ್ತದೆ, ಲಾಕಿನೊಳಗೆ ಜಿಡ್ಡಾಗಿ ಕೂರುತ್ತದೆ.

ಐನ್‌ಮನೆ_ಕೋವಿ:

ಕೇಪಿನ ಕೋವಿಯಲ್ಲಿ ಗಜ ಒಂದೂವರೆ ಇಂಚು ಮೊದಲೇ ನಿಲ್ಲುತ್ತಿದೆ. ಹಾಗೇ ಇಟ್ಟಿದ್ದೇವೆ, ರಿಪೇರಿಯವರಿಗೆ ತಿಳಿಸಿದ್ದೇವೆ. ಜೋಡುನಳಿಗೆಯ ಮರದ ಬಗ್ಗೆ ಯಾರಾದರೂ ಹೇಳಿ. ಪಾಲಿಶ್ ಹೊಡೆಸಿದರೆ ಕಪ್ಪು ಹೋಗುತ್ತದೆಯೇ? ಇನ್ನೊಂದು ವಿಷಯ: ನಳಿಗೆ ತಟ್ಟಿದರೆ ಒಂದು ಕಡೆ ಜೊರಜೊರ ಸದ್ದು ಬರುತ್ತಿದೆ.

ವಾಲ್ನಟ್_ತಿರುಳು:

ಕಪ್ಪು ಕೊಳೆಯಲ್ಲ, ಎಣ್ಣೆ. ಕೋವಿಯನ್ನು ಬಾಯಿ ಮೇಲಾಗಿ ನಿಲ್ಲಿಸಿದಾಗ ನಳಿಗೆ ಮತ್ತು ಲಾಕಿನ ಎಣ್ಣೆ ಇಳಿದು ಮರದ ತಲೆಯಲ್ಲಿ ಇಂಗುತ್ತದೆ. ಅಲ್ಲಿ ವಾಲ್ನಟ್ ಮೆತ್ತಗಾಗಿ, ಲಾಕಿನ ಹಿಂದೆ ಸೀಳು ಬಿಡುತ್ತದೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿದೆಯೇ ನೋಡಿ. ಪಾಲಿಶಿನಿಂದ ಇದು ಹೋಗದು. ಉಪ್ಪುಕಾಗದ ಹಾಕಿದರೆ ಮರದ ಮಟ್ಟ ಇಳಿದು ಲಾಕಿನ ತಗಡು ಮೇಲೆದ್ದು ನಿಲ್ಲುತ್ತದೆ. ಹಾಗೆ ಕೆಟ್ಟ ಕೋವಿಯನ್ನು ತಿಳಿದವರು ದೂರದಿಂದಲೇ ಗುರುತಿಸುತ್ತಾರೆ.

ಲೋಹವೆಲ್ಲ ಬಿಚ್ಚಿದ ಮೇಲೆ ಸುಣ್ಣದಕಲ್ಲಿನ ಬಿಳಿ ಪುಡಿಯನ್ನು (ವೈಟಿಂಗ್ ಅಂತ ಸಿಗುತ್ತದೆ, ಸುಟ್ಟ ಸುಣ್ಣವಲ್ಲ) ಅಸಿಟೋನಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಕಪ್ಪಾದ ಜಾಗಕ್ಕೆ ದಪ್ಪಗೆ ಬಳಿಯಿರಿ. ಒಣಗುತ್ತಾ ಪುಡಿ ಎಣ್ಣೆ ಹೀರಿ ಹಳದಿಯಾಗುತ್ತದೆ. ಬ್ರಶ್ಶಿನಿಂದ ಉದುರಿಸಿ ಮತ್ತೆ ಬಳಿಯಿರಿ. ಪುಡಿ ಬಿಳಿಯಾಗೇ ಉಳಿಯುವವರೆಗೆ ಮಾಡಬೇಕು, ಐದಾರು ಸಲವಾದರೂ ಬೇಕಾದೀತು. ಬಯಲಿನಲ್ಲಿ ಮಾಡಿ, ಒಲೆ ಬೀಡಿ ಹತ್ತಿರ ಇರಬಾರದು. ಅಸಿಟೋನು ಮೇಲ್ಮೈಯ ಹಳೆಯ ಹೊಳಪನ್ನೂ ಕರಗಿಸುವುದರಿಂದ ಕಾಣುವ ಭಾಗಕ್ಕೆ ತಾಗಿಸದೆ, ಆದಷ್ಟೂ ಒಳಮೈಗೆ ಬಳಿಯಿರಿ.

ಉಳಿದ ಮರಕ್ಕೆ ಅಗಸೆ ಎಣ್ಣೆ ಎರಡೇ ಹನಿ, ಅಂಗೈಯಲ್ಲಿ ಬಿಸಿಯಾಗುವಂತೆ ಉಜ್ಜಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಅಥವಾ ಹರಡಿ ಒಣಗಿಸಿ. ಕೈಹಿಡಿಯ ಚೌಕುಳಿ ಗೆರೆಗಳು ಸವೆದಿದ್ದರೆ ಸವೆದಿರಲಿ. ನಾಲ್ಕು ತಲೆಮಾರಿನ ಕೈ ಸವೆಸಿದ ಜಾಗವನ್ನು ಹೊಸದಾಗಿ ಕೊರೆಸಿದರೆ ಕೋವಿಯ ಮುಖವೇ ಬದಲಾಗುತ್ತದೆ.

ಕಿರೀಟಮುದ್ರೆ:

ಸದ್ದಿನ ಬಗ್ಗೆ: ನಳಿಗೆ ಜೋಡಿಯನ್ನು ಬುಡದ ಕೊಕ್ಕೆಯಲ್ಲಿ ತಂತಿ ಹಾಕಿ ತೂಗಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಬೆಸುಗೆ ಗಟ್ಟಿಯಿದ್ದರೆ ನಾದ ಉದ್ದಕ್ಕೆ ಎಳೆಯುತ್ತದೆ. ಜೊರಜೊರ ಎಂದರೆ ಪಟ್ಟಿ ಎಲ್ಲೋ ಬಿಟ್ಟಿದೆ. ಪಟ್ಟಿಯ ಅಂಚಿಗೆ ಎಣ್ಣೆ ಸವರಿ ಒರೆಸಿ ಮತ್ತೆ ತಟ್ಟಿದರೆ, ಬಿಟ್ಟ ಕಡೆ ಎಣ್ಣೆ ಗುಳ್ಳೆಯಾಗಿ ಹೊರಬರುತ್ತದೆ. ಆ ಸಂದಿಯಲ್ಲಿ ನೀರು ನಿಂತರೆ ಕಣ್ಣಿಗೆ ಕಾಣದೆ ತುಕ್ಕು ತಿನ್ನುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬೆಸುಗೆ ಹಾಕಿಸಬೇಕಾದರೆ ತವರದ್ದೇ ಹಾಕಬೇಕು, ಹಿತ್ತಾಳೆ ಬೆಸುಗೆಯ ಶಾಖವನ್ನು ಆ ನಳಿಗೆಗೆ ಕೊಡಬಾರದು.

ಬಣ್ಣದ ಬಗ್ಗೆ ತಾಮ್ರದ_ಬಿಲ್ಲೆಯವರ ಮಾತಿಗೆ ಸಣ್ಣ ತಿದ್ದುಪಡಿ. ಕಂದು ಬಣ್ಣವನ್ನು ಹೊಸದಾಗಿ ಹಾಕಿಸುವುದು ಯಾವಾಗಲೂ ತಪ್ಪಲ್ಲ. ನಳಿಗೆ ಪೂರ್ತಿ ಬೋಳಾಗಿ, ಯಾರೋ ಹಿಂದೆಯೇ ತಿಕ್ಕಿ ಹಾಳು ಮಾಡಿದ್ದರೆ, ಹಳೆಯ ಕ್ರಮದಲ್ಲೇ ಹತ್ತಾರು ಸಲ ನಿಧಾನ ತುಕ್ಕು ಬರಿಸಿ ನಮೂನೆ ಎಬ್ಬಿಸಬಹುದು. ಮುಕ್ಕಾಲು ಪಾಲು ಮೂಲ ಬಣ್ಣ ಇರುವ ನಿಮ್ಮದಕ್ಕೆ ಅದರ ಅಗತ್ಯವೇ ಇಲ್ಲ.

ತಿರುಪುಗಳನ್ನು ಮಾಮೂಲಿ ಸ್ಕ್ರೂಡ್ರೈವರಿನಿಂದ ಮುಟ್ಟಬೇಡಿ. ಇಂಗ್ಲಿಷ್ ಕೋವಿಯ ತಿರುಪಿನ ಸೀಳು ಕೂದಲೆಳೆಯಷ್ಟು ಸಣ್ಣದು. ತುದಿಯನ್ನು ಅದಕ್ಕೆ ಸರಿಯಾಗಿ ಅರೆದ ಉಪಕರಣ ಬೇಕು, ಇಲ್ಲದಿದ್ದರೆ ಸೀಳಿನ ಅಂಚು ಹರಿಯುತ್ತದೆ. ಪ್ರತಿ ತಿರುಪೂ ಅದರದೇ ತೂತಿನದು. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ಖಾಲಿ ಕೋವಿಯ ಕುದುರೆಯನ್ನು ಟಪ್ಪನೆ ಬಿಡಬೇಡಿ, ಒಳಗಿನ ಮೊಳೆ ಮುರಿಯುತ್ತದೆ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಹುಸಿ ತೋಟೆ) ಹಾಕಿ.

ಗಜ_ಮತ್ತು_ಗುರುತು:

ಕಾನೂನಿನ ಮಾತು ಎರಡು. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಗಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಲೈಸೆನ್ಸಿನಿಂದ ವಿನಾಯಿತಿ, ಇಡೀ ಶಸ್ತ್ರಾಸ್ತ್ರ ಕಾಯ್ದೆಯಿಂದಲ್ಲ. ಬಫ್ ಹೊಡೆದು ನಂಬರ್ ಅಳಿಸಿಹೋದರೆ ಪತ್ರಕ್ಕೂ ಕೋವಿಗೂ ತಾಳೆಯಾಗುವುದಿಲ್ಲ, ಗುರುತು ಅಳಿಸುವುದು ಕಾಯ್ದೆಯ 8ನೇ ಕಲಮಿನಡಿ ಅಪರಾಧ. ಬಾಯಿಯ ಕಡೆ ನಳಿಗೆ ಹಾಳಾಗಿದೆ ಎಂದು ಕತ್ತರಿಸಿ ಮೋಟು ಮಾಡಿಸುವುದಕ್ಕೆ 6ನೇ ಕಲಮು ಅಡ್ಡ ಬರುತ್ತದೆ. ಕೆಲಸಕ್ಕೆ ಕೊಡುವ ಮೊದಲು ನಂಬರು, ಮುದ್ರೆಗಳ ಫೋಟೊ ತೆಗೆದಿಟ್ಟುಕೊಳ್ಳಿ.

ತಾಮ್ರದ_ಬಿಲ್ಲೆ:

ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಗಂಧ ನೀರಿನಲ್ಲಿ ತೇಯ್ದದ್ದು, ಕೋವಿಗೆ ಮುಡಿಸುವ ತೋಕ್‌ಪೂ ಹೂವು ಮಳೆಯಲ್ಲಿ ನೆನೆದದ್ದು. ರಾತ್ರಿಯಿಡೀ ನಳಿಗೆಗೆ ಅಂಟಿದ್ದರೆ ಬೆಳಿಗ್ಗೆ ಅಲ್ಲೇ ಕೆಂಪು ಎದ್ದಿರುತ್ತದೆ. ಬುಡದ ಹತ್ತಿರದ ನಿಮ್ಮ ಚುಕ್ಕೆಗಳಿಗೂ ಇದೇ ಕಾರಣ ಇರಬಹುದು, ಸಾಮಾನ್ಯವಾಗಿ ಬೊಟ್ಟು ಇಡುವ ಜಾಗ ಅದು. ಹಬ್ಬಕ್ಕೆ ಎರಡು ದಿನ ಮೊದಲು ಮೇಣ ಹಾಕಿ. ಹೂವನ್ನು ಒಣ ಬಟ್ಟೆಯಿಂದ ಒತ್ತಿ ನೀರು ತೆಗೆದು ಇಡಿ. ಕುಂಕುಮ ಮರದೊಳಗೆ ಇಳಿದರೆ ಕಲೆ ಹೋಗುವುದಿಲ್ಲ, ಆದ್ದರಿಂದ ಬೊಟ್ಟು ಮೇಣ ಹಾಕಿದ ಲೋಹದ ಮೇಲೇ ಇರಲಿ. ಪೂಜೆ ಮುಗಿದು ಕೋವಿ ಕೈಗೆ ಬಂದ ಕೂಡಲೇ ಒದ್ದೆ ಬಟ್ಟೆಯಿಂದ ಬೊಟ್ಟು ತೆಗೆದು, ಒಣಗಿಸಿ, ಮತ್ತೆ ಮೇಣ.

ಹಬ್ಬ ಮುಗಿದ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ, ಚರ್ಮ ಹದ ಮಾಡಲು ಬಳಸಿದ ಆಮ್ಲವೂ ಅದರಲ್ಲಿರುತ್ತದೆ. ಬೀಗವಿರುವ ಕಪಾಟು, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ ಮತ್ತೆ ಇಡಿ. ಅಗ್ಗದ ಒಂದು ಹೈಗ್ರೋಮೀಟರು ತೂಗಿಹಾಕಿ: 45ರಿಂದ 55 ಶೇಕಡ ಆರ್ದ್ರತೆ ಸರಿ. 60 ದಾಟಿದರೆ ತುಕ್ಕು, 40ಕ್ಕಿಂತ ಇಳಿದರೆ ಮರ ಬಿರಿಯುತ್ತದೆ. ಕೋವಿಯನ್ನು ಬಾಯಿ ಕೆಳಗಾಗಿ, ಮೆತ್ತನೆ ರಬ್ಬರಿನ ಮೇಲೆ ನಿಲ್ಲಿಸಿ.