ಫುಕೆಟ್‌ನಲ್ಲಿ ಸ್ಕೂಟರ್ ಬಾಡಿಗೆಗೆ: ಲೈಸೆನ್ಸ್ ಕಾರ್ಡ್ ಒಯ್ಯಲೇಬೇಕಾ? ಅನುಭವ ಇದ್ದವರು ಹೇಳಿ (ಬರೆದವರ ಹೆಸರಿನ ಬದಲು ಅವರ ಊರು ಹಾಕಿದೆ)

ಠಾಣೆ (ಕೇಳಿದವರು):
ಇನ್ನು 12 ದಿನಕ್ಕೆ ನಾನು, ಹೆಂಡತಿ ಫುಕೆಟ್‌ಗೆ ಹೊರಟಿದ್ದೇವೆ. ಅಲ್ಲಿ ಸ್ಕೂಟರ್ ಬಾಡಿಗೆಗೆ ತಗೊಳ್ಳೋ ಯೋಚನೆ. ಕಾರ್ಡ್ ಒಯ್ದು ಕಳಕೊಳ್ಳೋ ಭಯ. ಡಿಜಿಲಾಕರ್‌ನಲ್ಲಿ ಇದೆಯಲ್ಲ, ಸಾಕಾ?

ಡೊಂಬಿವಲಿ:
ನಾನೂ ಡಿಜಿಲಾಕರ್ ನಂಬಿಕೊಂಡೇ ಹೋದವನು. ಅಂಗಡಿಯವಳು ಲೈಸೆನ್ಸ್ ಕೇಳಲೇ ಇಲ್ಲ, ಪಾಸ್‌ಪೋರ್ಟ್ ಇಟ್ಟುಕೊಂಡು ಕೀ ಕೊಟ್ಟಳು. ದಿನಕ್ಕೆ 250 ಬಾತ್. ಮೂರನೇ ದಿನ ಪಟಾಂಗ್ ಗುಡ್ಡ ಇಳಿಯುವಾಗ ಮಳೆ ಬಂತು, ತಿರುವಿನಲ್ಲಿ ಜಾರಿದೆ. ಎಡಗಡೆ ಕಾಲರ್ ಮೂಳೆ ಎರಡು ತುಂಡು. ಪ್ಲೇಟ್ ಕೂರಿಸಿದ್ದಕ್ಕೆ ಆಸ್ಪತ್ರೆ ಬಿಲ್ 2,60,000 ಬಾತ್. ಟ್ರಾವೆಲ್ ಇನ್ಶೂರೆನ್ಸ್‌ನವರು ಮೊದಲು ಕೇಳಿದ್ದೇ ಐಡಿಪಿ, ಅಂದರೆ ಹೊರದೇಶದಲ್ಲಿ ಗಾಡಿ ಓಡಿಸೋಕೆ ನಮ್ಮ ಆರ್‌ಟಿಒ ಕೊಡೋ ಪರವಾನಗಿ ಪುಸ್ತಕ. ಇಲ್ಲ ಅಂದೆ. ಆ ದೇಶದ ಕಾನೂನಿಗೆ ಸರಿಯಾದ ಪರವಾನಗಿ ಇಲ್ಲದೆ ಓಡಿಸಿದ್ದೀರಿ ಅಂತ ಒಂದು ಪೈಸೆ ಕೊಡಲಿಲ್ಲ.

ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಕೈ ಕಟ್ಟಿಸಿಕೊಂಡೇ ಅಂಗಡಿಗೆ ಹೋದೆ. ಅವಳು ಮೊಬೈಲ್ ಟಾರ್ಚ್ ಹಾಕಿ ಒಂದೊಂದು ಗೀರಿಗೂ ಬೆರಳಿಟ್ಟು ಬರೆದಳು: ಕನ್ನಡಿ 600, ಮುಂದಿನ ಪ್ಯಾನೆಲ್ 3,200, ಹೆಡ್‌ಲೈಟ್ 2,400, ಹಿಂದಿನ ಪ್ಯಾನೆಲ್ 1,800, ಗಾಡಿ ನಿಂತ ಏಳು ದಿನದ ಬಾಡಿಗೆ 1,750. ಒಟ್ಟು 9,750 ಬಾತ್. ಹಿಂದಿನ ಗೀರು ನನ್ನದಲ್ಲ ಮಾರಾಯ್ರೇ! ಗಾಡಿ ತಗೊಳ್ಳುವಾಗ ವಿಡಿಯೊ ಮಾಡಿರಲಿಲ್ಲ. ನನ್ನ ತಮ್ಮ ತನ್ನ ಎಫ್‌ಡಿ ಮುರಿದು ದುಡ್ಡು ಕಳಿಸಿದ, ಅವನ ಸಾಲ ಇನ್ನೂ ತೀರಿಲ್ಲ.

ವಾಸ್ಕೊ:
ಸುಮ್ನ ಹೆದರಸಬ್ಯಾಡ್ರಿ. ನಾ ಬಾಲಿಯೊಳಗ 8 ದಿವಸ ಸ್ಕೂಟರ್ ಹೊಡದೇನಿ, ಕುಟಾದಿಂದ ಉಬುದ್ ತನಕ. ಐಡಿಪಿ ಇಲ್ಲ, ಕಾರ್ಡೂ ಇಲ್ಲ. ಒಬ್ಬ ಪೊಲೀಸೂ ಕೈ ಮಾಡಲಿಲ್ಲ. ಹೆಲ್ಮೆಟ್ ತೆಗೀಲಿಲ್ಲ, ಮೆಲ್ಲಕ ಹೊಡದೆ. ಮಳ್ಯಾಗ ಗುಡ್ಡ ಜೋರಾಗಿ ಇಳದ್ರ ಬೀಳೂದ, ಅದಕ್ಕ ಕಾಗದ ಏನ್ ಮಾಡ್ತೈತಿ?

ಡೊಂಬಿವಲಿ:
ನಾನು ಇಪ್ಪತ್ತರ ಸ್ಪೀಡಿನಲ್ಲಿದ್ದೆ. ನೀವು ಬೀಳಲಿಲ್ಲ, ಅಷ್ಟೇ. ಅದನ್ನು ಬುದ್ಧಿವಂತಿಕೆ ಅಂತ ಇನ್ನೊಬ್ಬರಿಗೆ ಹೇಳಿಕೊಡಬೇಡಿ.

ಹಡಪ್ಸರ್:
ನಾನು ಎಲ್ಲಾ ಸರಿ ಮಾಡಿಕೊಂಡೇ ಹೋದವಳು. ಐಡಿಪಿಗೆ ಫಾರ್ಮ್ 4ಎ ಅರ್ಜಿ, ಫೀ 1,000 ರೂಪಾಯಿ, ಆರ್‌ಟಿಒಗೆ ಎರಡು ಓಡಾಟ, ಎರಡು ಅರ್ಧ ದಿನದ ರಜೆ. ಬೈಕು, ಸ್ಕೂಟರ್‌ಗೆ ಬೇಕಾದ 'ಎ' ಮುದ್ರೆ ಬಿದ್ದಿದೆಯಾ ಅಂತ ಕೌಂಟರ್ ಮುಂದೆಯೇ ತೆರೆದು ನೋಡಿದೆ. ಬರೀ ಕಾರಿನ ಲೈಸೆನ್ಸ್ ಇದ್ದರೆ 'ಬಿ' ಮಾತ್ರ ಬೀಳುತ್ತೆ, ಅದರಲ್ಲಿ ಸ್ಕೂಟರ್ ಬರೋಲ್ಲ.

ನಾನು ಹೋಗಿದ್ದು ವಿಯೆಟ್ನಾಂಗೆ. ಹಾ ಜಿಯಾಂಗ್ ದಾರಿಯಲ್ಲಿ ತಡೆದ ಪೊಲೀಸ್ ನನ್ನ ಪುಸ್ತಕ ತಿರುಗಿಸಿ, 1949 ಅನ್ನೋ ಇಸವಿಯ ಮೇಲೆ ಉಗುರಿಟ್ಟು ತಲೆಯಾಡಿಸಿದ. ಅಲ್ಲಿ ನಡೆಯೋದು 1968ರ ವಿಯೆನ್ನಾ ಒಪ್ಪಂದದ ಐಡಿಪಿ, ನಮ್ಮಲ್ಲಿ ಕೊಡೋದು 1949ರ ಜಿನೀವಾ ಒಪ್ಪಂದದ್ದು. ದಂಡ 30 ಲಕ್ಷ ಡಾಂಗ್, ಸುಮಾರು ಹತ್ತು ಸಾವಿರ ರೂಪಾಯಿ. ಮುಂದಿನ ಮೂರು ದಿನ ಬಾಡಿಗೆ ಸವಾರನ ಹಿಂದೆ ಕೂತು ಸುತ್ತಿದೆ. ಥಾಯ್ಲೆಂಡ್‌ನಲ್ಲಿ ನಮ್ಮ ಪುಸ್ತಕ ನಡೆಯುತ್ತೆ. ಆದರೆ ನಿಯಮ ಪಾಲಿಸಿದ ನನಗೆ ದಂಡ, ಈ ವಾಸ್ಕೊ ಅಣ್ಣನಿಗೆ ಏನೂ ಇಲ್ಲ ಅಂತ ಓದಿ ಹೊಟ್ಟೆ ಉರಿಯಿತು.

ವಾಸ್ಕೊ:
ಅಕ್ಕಾರ, ಪುಣೆದವ್ರು ಗೋವಾಕ್ಕ ಬಂದಾಗ ಯಾವ ನಿಯಮ ಪಾಲಸ್ತೀರಿ? ಬಾಡಿಗಿ ಗಾಡಿ ಅಂದ್ರ ಕರಿ ಪ್ಲೇಟು, ಹಳದಿ ಅಕ್ಷರ. ದಿನಕ್ಕ ನೂರು ರೂಪಾಯಿ ಉಳೀತೈತಂತ ಬಿಳಿ ಪ್ಲೇಟಿನ ಮನಿ ಗಾಡಿ ಒಯ್ತೀರಿ. ನನ್ನವು ನಾಕು ಕರಿ ಪ್ಲೇಟಿನ ಗಾಡಿ ಅದಾವ. ಪರ್ಮಿಟ್ಟು, ಇನ್ಶೂರೆನ್ಸು ಎಲ್ಲಾ ಕಟ್ಟಿ ಡಿಸೆಂಬರದಾಗೂ ನಿಂತಾವ.

ಹಡಪ್ಸರ್:
ನಾನು ಬಿಳಿ ಪ್ಲೇಟ್ ಯಾವತ್ತೂ ಮುಟ್ಟಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗಾಡಿ ಕೊಡುವಾಗ ನೀವು ಲೈಸೆನ್ಸ್ ನೋಡ್ತೀರಾ?

ವಾಸ್ಕೊ:
ನೋಡ್ದ ಕೀಲಿ ಕೊಡೂದಿಲ್ರಿ.

ಡೊಂಬಿವಲಿ:
ಮತ್ತೆ ಬಾಲಿಯಲ್ಲಿ ನಿಮಗೊಬ್ಬರಿಗೆ ಯಾಕೆ ಬೇಡ?

ವಾಸ್ಕೊ:
ಆ ಅಂಗಡಿಯಂವ ಕೇಳಿದ್ರ ತೋರಸ್ತಿದ್ದೆ. ಕೇಳಲಿಲ್ಲ. ನಿಮ್ಮ ಗುಡ್ಡದ ಸಿಟ್ಟು ನನ್ ಮ್ಯಾಲ ತೀರಸಬ್ಯಾಡ್ರಿ.

ಠಾಣೆ (ಕೇಳಿದವರು):
ಹಡಪ್ಸರ್ ಮೇಡಂ ಬರೆದದ್ದು ಓದಿ ನನ್ನ ಕಾರ್ಡ್ ತೆಗೆದು ನೋಡಿದೆ. ಎಲ್‌ಎಂವಿ (ಕಾರು) ಅಂತ ಮಾತ್ರ ಇದೆ, ಎಂಸಿಡಬ್ಲ್ಯುಜಿ (ಗೇರ್ ಇರೋ ಬೈಕು) ಇಲ್ಲ. ಹದಿನೈದು ವರ್ಷದಿಂದ ಇದನ್ನೇ ಇಟ್ಟುಕೊಂಡು ಇಲ್ಲಿ ಆಕ್ಟಿವಾ ಓಡಿಸ್ತಿದ್ದೇನೆ, ಮಗಳನ್ನು ಶಾಲೆಗೂ ಬಿಟ್ಟು ಬರ್ತೇನೆ. ಈಗ ಎಲ್‌ಎಲ್ (ಕಲಿಕಾ ಲೈಸೆನ್ಸ್) ತೆಗೆದರೂ ಟೆಸ್ಟ್‌ಗೆ 30 ದಿನ ಕಾಯಬೇಕು. ಫುಕೆಟ್‌ನಲ್ಲಿ ಟ್ಯಾಕ್ಸಿ ಹಿಡೀತೇವೆ. ನಾಳೆ ಬೆಳಿಗ್ಗೆ ಮಗಳನ್ನು ರಿಕ್ಷಾದಲ್ಲಿ ಕಳಿಸ್ತೇನೆ.