ಅಪ್‌ಡೇಟ್: ಗಾಜಿನ ಲೋಟದ ಮೇಲೆ ಸಬ್ಲಿಮೇಶನ್ ಪ್ರಿಂಟ್ ಅಳಿಸದೆ ನಿಂತಿತು

ಲೋಟ ತೊಳೆದ ಕೂಡಲೇ ಪ್ರಿಂಟ್ ಅಳಿಸಿ ಹೋಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ನೀವು ಹೇಳಿದ್ದೇ ನಿಜ. ಸಬ್ಲಿಮೇಶನ್ ಇಂಕ್ ಬಿಸಿಗೆ ಆವಿಯಾಗಿ ಪಾಲಿಮರ್ (ಪ್ಲಾಸ್ಟಿಕ್‌ನಂಥ) ಪದರದೊಳಗೆ ಇಳಿಯುತ್ತದೆ, ಬರೀ ಗಾಜಿಗೆ ಹಿಡಿಯುವುದಿಲ್ಲ. ಹಾಗಾಗಿ ಆ ಪದರದ ಕೋಟಿಂಗ್ ಇರುವ ಫ್ರಾಸ್ಟೆಡ್ (ಮಸುಕು ಗಾಜಿನ) ಲೋಟ ತರಿಸಿದೆ. ಡಿಸೈನ್ ಅನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪೇಪರ್ ಮೇಲೆ ಪ್ರಿಂಟ್ ತೆಗೆದು, ಆ ಪೇಪರ್ ಲೋಟದ ಮೇಲೆ ಎಲ್ಲೂ ಸಡಿಲವಾಗದ ಹಾಗೆ ಹೀಟ್ ಟೇಪ್ (ಬಿಸಿ ತಡೆಯುವ ಟೇಪ್) ಸುತ್ತಿ, ಮಗ್ ಪ್ರೆಸ್‌ನಲ್ಲಿ (ಲೋಟವನ್ನು ಸುತ್ತ ಒತ್ತಿ ಬಿಸಿ ಮಾಡುವ ಯಂತ್ರ) ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ರಂಗೋಲಿಯ ಸಣ್ಣ ಚುಕ್ಕಿಗಳೂ ಕಲೆಸಿಕೊಳ್ಳದೆ ಬಂದಿವೆ, ತುಂಬಾ ಖುಷಿಯಾಯಿತು! ಬಿಳಿ ಇಂಕ್ ಇರುವುದಿಲ್ಲ ಅಲ್ವಾ, ಬಿಳಿ ಇರಬೇಕಾದ ಕಡೆ ಗಾಜೇ ಕಾಣುತ್ತದೆ, ಡಿಸೈನ್ ಆರಿಸುವಾಗಲೇ ನೋಡಿಕೊಳ್ಳಿ. ಲೋಟ ತಾನಾಗಿಯೇ ಆರಲಿ, ಬಿಸಿಯಿದ್ದಾಗ ತಣ್ಣೀರಿಗೆ ಹಾಕಿದರೆ ಒಡೆಯಬಹುದು. ಇಂಕ್‌ನ ಆವಿ ಹೊರಹೋಗಲು ಕಿಟಕಿ ತೆರೆದಿಟ್ಟೇ ಮಾಡಿ.