ಅಪ್‌ಡೇಟ್: ಡೆಕ್ ಕೊನೆಗೂ ಸ್ಟೇನ್ ಹೀರಿಕೊಂಡಿತು

ಮಡಿಕೇರಿ ಮನೆಯ ತೇಗದ ಡೆಕ್‌ಗೆ (ಹೊರಗಿನ ಮರದ ಜಗಲಿ) ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣದ ದ್ರವ) ಇಳಿಯುತ್ತಿಲ್ಲ, ಮೊಳೆಗಳ ಸುತ್ತ ಕಪ್ಪು ಕಲೆ ಬೇರೆ ಎಂದು ಕೇಳಿದ್ದೆನಲ್ಲ, ಈಗ ಸರಿಹೋಯಿತು!

ಬ್ಲೀಚ್‌ನಿಂದ ಪಾಚಿ ಹೋಯಿತು, ಕಲೆ ಹೋಗಲಿಲ್ಲ. ಆಕ್ಸಾಲಿಕ್ ಆಸಿಡ್ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಮೊಳೆಯ ಕಬ್ಬಿಣ, ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ಅಂಶ ಸೇರಿ ಆಗುವ ಕಲೆ ಅದು. ಆಸಿಡ್ ಹಚ್ಚಿದ ಅರ್ಧ ಗಂಟೆಯಲ್ಲಿ ಮಾಯವಾಯಿತು. ಆದರೆ ಬ್ಲೀಚ್ ಪೂರ್ತಿ ತೊಳೆದ ಮೇಲೆಯೇ ಹಚ್ಚಿ, ಎರಡೂ ಸೇರಿದರೆ ವಿಷಗಾಳಿ ಬರುತ್ತದೆ. ಗ್ಲೌಸ್ ಬೇಕೇ ಬೇಕು.

ನನಗೆ ಆಶ್ಚರ್ಯವಾಗಿದ್ದು ಇದು: 220 ಗ್ರಿಟ್‌ನ (ನುಣುಪಾದ) ಮರಳು ಕಾಗದದಲ್ಲಿ ಜಾಸ್ತಿ ನುಣ್ಣಗೆ ಉಜ್ಜಿದ್ದೇ ತಪ್ಪಾಗಿತ್ತು, ಅದಕ್ಕೇ ಸ್ಟೇನ್ ಇಳಿಯುತ್ತಿರಲಿಲ್ಲ. ಒರಟಾದ 80ರಲ್ಲಿ ಮತ್ತೆ ಉಜ್ಜಿದೆ. ಪರೀಕ್ಷೆಗೆ ಹಾಕಿದ ನೀರಿನ ಹನಿ ಬೇಗ ಇಂಗಿತು, ಒಣಗಿದ ಮೇಲೆ ಸ್ಟೇನೂ ಇಂಗಿತು.

ಹಾಂ, ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ. ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.